ಹಳದಿ ಕಾರ್ಡು ಮತ್ತು ಪನಾಮಾ ಪ್ರಯಾಣ

ಹೋದ ವಾರ ತಿಪಟೂರಿನ ಹಳೆಯ ಸಹಪಾಠಿಯೊಬ್ಬ ಫೋನ್ ಮಾಡಿದ್ದ. ಅವನ ಮಗನಿಗೆ ಪನಾಮಾದಲ್ಲಿ ಕೆಲಸ ಸಿಕ್ಕಿದೆಯಂತೆ. "ನೀನು ಹೋಗಿ ಬಂದಿದ್ದೀಯಲ್ಲೋ, ಏನೇನು ಸಿದ್ಧತೆ ಬೇಕು ಒಂದು ಪಟ್ಟಿ ಮಾಡಿ ಕಳಿಸು" ಅಂದ. ಮೂವತ್ತು ವರ್ಷದಿಂದ ಬ್ಯಾಂಕಿನಲ್ಲಿ ಪಟ್ಟಿ ಮಾಡುತ್ತಲೇ ಬಂದವನು ನಾನು. ಇದೇನು ಮಹಾ ಅಂದುಕೊಂಡು ಕೂತರೆ, ಒಂದನೇ ನಂಬರಿನಲ್ಲೇ ಪೆನ್ನು ನಿಂತುಬಿಟ್ಟಿತು. ಯಾಕೆ ಅಂತ ಹೇಳುತ್ತೇನೆ.

2023ರ ಅಕ್ಟೋಬರ್. ಅಳಿಯಂದಿರಿಗೆ ಅಮೆರಿಕದಿಂದ ಪನಾಮಾ ಸಿಟಿಗೆ ವರ್ಗವಾಗಿತ್ತು, ಮಗಳು ಬಸುರಿ, ಜನವರಿಗೆ ದಿನ ಕೊಟ್ಟಿದ್ದರು. "ಅಜ್ಜಿನೂ ಕರ್ಕೊಂಡು ಬಾ ಅಪ್ಪ" ಅಂದಳು. ಅಜ್ಜಿ ಅಂದರೆ ನನ್ನಮ್ಮ. ಆಗ ಎಂಬತ್ತೊಂದು. ವಡಪಳನಿಯ ನಮ್ಮ ಮನೆಯಲ್ಲಿ ಅವರಿದ್ದುದರಿಂದಲೇ ಮನೆಯಲ್ಲಿ ಇಷ್ಟು ವರ್ಷ ಕನ್ನಡ ಉಳಿದದ್ದು. ಮಗಳನ್ನು ಬೆಳೆಸಿದವರೂ ಅವರೇ.

ಕಾಗದಪತ್ರ ಸುಲಭವಾಗಿತ್ತು. ಪನಾಮಾಕ್ಕೆ ಭಾರತೀಯರಿಗೆ ವೀಸಾ ಬೇಕು. ಆದರೆ ಹಲವು ಬಾರಿ ಹೋಗಿಬರುವ ಅಮೆರಿಕದ ವೀಸಾ ಇದ್ದು, ಅದನ್ನು ಒಮ್ಮೆಯಾದರೂ ಬಳಸಿದ್ದು, ಇನ್ನೂ ವರ್ಷದ ಅವಧಿ ಉಳಿದಿದ್ದರೆ ಆಗ ಅದೇ ಸಾಕಾಗುತ್ತಿತ್ತು (ಇಂಥ ನಿಯಮ ಬದಲಾಗುತ್ತಿರುತ್ತವೆ, ಹೊರಡುವ ಮುಂಚೆ ರಾಯಭಾರ ಕಚೇರಿಯಲ್ಲಿ ಕೇಳಿಕೊಳ್ಳಿ). 2018ರಲ್ಲಿ ಮಗಳ ಪದವಿ ಸಮಾರಂಭಕ್ಕೆ ಹೋಗಿದ್ದರಿಂದ ಅದು ನಮ್ಮ ಮೂವರಿಗೂ ಇತ್ತು. ಬ್ಯಾಂಕಿನಿಂದ ವಿದೇಶಕ್ಕೆ ಹೋಗಲು ಅನುಮತಿ, ರಜೆ, ಎಲ್ಲ ಆಯಿತು. ಮೂರು ಟಿಕೆಟ್ಟೂ ಕಾದಿರಿಸಿದೆ.

ಅದಾದ ಮೇಲೆ ಗೊತ್ತಾದದ್ದು ಹಳದಿ ಕಾರ್ಡಿನ ವಿಚಾರ.

ಪನಾಮಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಪಕ್ಕದ ಕೋಸ್ಟಾ ರಿಕಾ ಇಲ್ಲ. ಇಲ್ಲಿಂದ ಹೋಗುವವರನ್ನು ಪನಾಮಾದವರು ಆ ಕಾರ್ಡು ಕೇಳುವುದಿಲ್ಲ. ಕೇಳುವವರು ನಮ್ಮವರೇ, ವಾಪಸ್ ಬರುವಾಗ! ಆ ದೇಶ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದಿಳಿದವರ ಬಳಿ ಲಸಿಕೆಯ ಕಾರ್ಡು ಇರದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಒಂದೇ ಇಂಜೆಕ್ಷನ್, ಹತ್ತು ದಿನದ ನಂತರ ಕಾರ್ಡು ಊರ್ಜಿತ. 2016ರ ಜುಲೈನಿಂದ ಅದು ಜೀವನಪರ್ಯಂತ ನಡೆಯುತ್ತದೆ. ಆದರೆ ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆ ಆಗದವರಿಗೆ ಕೊಡುವುದಿಲ್ಲ. ಅರವತ್ತು ದಾಟಿದವರು ಮೊದಲ ಸಲ ತೆಗೆದುಕೊಂಡರೆ ತೀವ್ರ ತೊಂದರೆಯಾಗುವ ಸಾಧ್ಯತೆ ಹೆಚ್ಚು. ನಮ್ಮ ಡಾಕ್ಟರು ಅಮ್ಮನ ಫೈಲು ನೋಡಿ, "ಎಂಬತ್ತೊಂದು, ಜೊತೆಗೆ ಸಕ್ಕರೆ ಕಾಯಿಲೆ. ನಾನಂತೂ ಬರೆದುಕೊಡಲಾರೆ" ಅಂದರು.

ಆರು ದಿನ ಮೂರನೇ ದೇಶವೊಂದರಲ್ಲಿ ಕಳೆದು ಬರಬಹುದಿತ್ತು. ಎಂಬತ್ತೊಂದರ ಅಮ್ಮನನ್ನು ಕಟ್ಟಿಕೊಂಡು ಎಲ್ಲಿಗೆ? ಏರ್ ಪೋರ್ಟಿನವರ ಕೈಯಲ್ಲಿ ಆರು ದಿನ ಬಿಡುವುದನ್ನಂತೂ ಯೋಚಿಸಲಾಗಲಿಲ್ಲ.

ಆಗ ಒಬ್ಬ ಏಜೆಂಟ್ ಸಿಕ್ಕ. "ಸಾರ್, ಅಮ್ಮಾವುಕ್ಕು ಊಸಿ ವೇಣಾಂ. ಸೀಲ್ ಮಟ್ಟುಂ ಪೋಟ್ಟುಕ್ಕಲಾಂ." ಸೂಜಿ ಬೇಡ, ಸೀಲು ಮಾತ್ರ ಒತ್ತಿಸಿಕೊಳ್ಳೋಣ ಅಂತ. ಖೋಟಾ ನೋಟು ಹಿಡಿಯುವ ತರಬೇತಿಯಲ್ಲಿ ಪಾಠ ಹೇಳಿದವನು ನಾನು. ತಕ್ಷಣ ಬೈದು ಕಳಿಸಿದೆ ಅಂತ ಬರೆಯಲು ಆಸೆ. ಆದರೆ ಕಳಿಸಲಿಲ್ಲ, ಸ್ವಾಮಿ. ಅವನು ಹೇಳಿದ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಜೇಬಿಗೆ ಹಾಕಿಕೊಂಡೆ. ಹೆಂಡತಿಗೂ ಹೇಳಲಿಲ್ಲ.

ಅಷ್ಟರಲ್ಲಿ ಡಿಸೆಂಬರ್ 4ರ ಮಿಚಾಂಗ್ ಚಂಡಮಾರುತ. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ನೀರಿಳಿದ ಮೇಲೆ ಕಾರ್ಪೊರೇಷನ್ನಿನ ಹೆಣ್ಣುಮಗಳೊಬ್ಬಳು ಸೊಳ್ಳೆ ಮರಿ ಹುಡುಕಿಕೊಂಡು ಮನೆಮನೆಗೆ ಬಂದಳು. ಸಿಕ್ಕಿದ್ದು ಎಲ್ಲಿ ಅಂತೀರಿ? ನಮ್ಮ ಟೆರೇಸಿನ ಹೂಕುಂಡದ ತಟ್ಟೆಯಲ್ಲಿ! ಟಾರ್ಚು ಬಿಟ್ಟು ತೋರಿಸಿದಳು. "ಇದೇ ಸಾರ್, ಡೆಂಗ್ಯೂದು." ನಾಚಿಕೆಯಾಗಿ ತಟ್ಟೆ ಬೋರಲು ಹಾಕಿದೆ.

ರಾತ್ರಿ ಓದುತ್ತಾ ಹೋದೆ. ಹಳದಿ ಜ್ವರ ಹರಡುವುದೂ ಅದೇ ಈಡಿಸ್ ಸೊಳ್ಳೆಯಂತೆ. ಆ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಆ ಜ್ವರ ಮಾತ್ರ ಭಾರತಕ್ಕೆ ಇನ್ನೂ ಕಾಲಿಟ್ಟಿಲ್ಲ. ಪನಾಮಾ ಕಾಲುವೆಯನ್ನು ಮೊದಲು ತೋಡಲು ಹೊರಟ ಫ್ರೆಂಚರು 1881ರಲ್ಲಿ ಶುರುಮಾಡಿ 1889ರ ಹೊತ್ತಿಗೆ ಕೈಚೆಲ್ಲಿದರು. ಸುಮಾರು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಹಳದಿ ಜ್ವರ, ಮಲೇರಿಯಾಗಳಿಂದ. ಇರುವೆ ಹತ್ತದಿರಲಿ ಅಂತ ಆಸ್ಪತ್ರೆಯ ಮಂಚದ ಕಾಲುಗಳಿಗೆ ನೀರಿನ ಬಟ್ಟಲು ಇಟ್ಟಿದ್ದರಂತೆ. ಸೊಳ್ಳೆ ಬೆಳೆದದ್ದು ಅದರಲ್ಲೇ! ಅಮೆರಿಕದವರು ಬಂದ ಮೇಲೆ ಡಾಕ್ಟರ್ ಗೋರ್ಗಾಸ್ ನಿಂತ ನೀರಿನ ಮೇಲೆ ಯುದ್ಧ ಸಾರಿ 1906ರ ಹೊತ್ತಿಗೆ ಜ್ವರವನ್ನು ಅಲ್ಲಿಂದ ಓಡಿಸಿದ. ಕಾಲುವೆ ತೆರೆದದ್ದು 1914ರ ಆಗಸ್ಟ್ 15ಕ್ಕೆ.

ಇದರಲ್ಲಿ ನಮ್ಮ ಬೆಂಗಳೂರಿನದೂ ಒಂದು ಎಳೆ ಇದೆ. ಮಲೇರಿಯಾದ ಗುಟ್ಟು ಕಂಡುಹಿಡಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರು ದಂಡಿನಲ್ಲಿ ವೈದ್ಯನಾಗಿದ್ದ. ಕಿಟಕಿಯ ಹೊರಗಿದ್ದ ತೊಟ್ಟಿಯಲ್ಲಿ ಸೊಳ್ಳೆ ಮರಿ ಕಂಡು ನೀರು ಚೆಲ್ಲಿಸಿದಾಗ ಕಾಟ ಕಡಿಮೆಯಾಯಿತಂತೆ. ಮೆಸ್ಸಿನಲ್ಲೂ ಹೀಗೆ ಮಾಡಿಸೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ, ಅದು ಪ್ರಕೃತಿ ನಿಯಮಕ್ಕೆ ವಿರುದ್ಧ ಅಂತ ಅವನು ಒಪ್ಪಲಿಲ್ಲವಂತೆ. ಮೇಲಧಿಕಾರಿಗಳು ಎಲ್ಲ ಕಾಲದಲ್ಲೂ ಒಂದೇ ಅನ್ನಿ :-)

ಆಗ ನನಗೆ ಹೊಳೆಯಿತು. ಆ ಕಾರ್ಡು ಇರುವುದು ನನಗಾಗಿ ಅಲ್ಲ, ನನ್ನ ಬೀದಿಗಾಗಿ.

ಮರುದಿನ ಅಮ್ಮನ ಪಕ್ಕ ಕೂತು ಎಲ್ಲ ಹೇಳಿದೆ, ಸೀಲಿನ ವಿಷಯವನ್ನೂ. ಅಮ್ಮ ಬೈಯಲಿಲ್ಲ. "ಸೊಳ್ಳೆ ಕಚ್ಚಿದ ಮೇಲೆ ಎಷ್ಟು ದಿನಕ್ಕೆ ಜ್ವರ ಗೊತ್ತಾಗತ್ತೆ?" ಅಂತ ಕೇಳಿದರು.

"ಮೂರರಿಂದ ಆರು ದಿನ."

"ಅಷ್ಟರಲ್ಲಿ ನಾನು ಇಲ್ಲಿಗೆ ಬಂದಿರ್ತೀನಲ್ಲೋ. ಕೆಳಗಿನ ಮನೆ ಮಗು ಮಧ್ಯಾಹ್ನವೆಲ್ಲ ನನ್ನ ಮಗ್ಗುಲಲ್ಲೇ ಮಲಗಿರತ್ತೆ. ನನಗೆ ಕಚ್ಚಿದ್ದು ಅದಕ್ಕೂ ಕಚ್ಚತ್ತೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ ಬಿಡು. ನೀವಿಬ್ಬರು ಹೋಗಿ ಬನ್ನಿ" ಅಂದರು.

ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ. ನಾನು ಚೀಟಿ ಹರಿದು ಹಾಕಿದೆ. ಅಮ್ಮನ ಟಿಕೆಟ್ಟು ರದ್ದು ಮಾಡಿದಾಗ ಅರ್ಧಕ್ಕಿಂತ ಕಡಿಮೆ ಹಣ ವಾಪಸ್ ಬಂತು. ಲಸಿಕೆ ವಿಚಾರಿಸದೆ ಟಿಕೆಟ್ ಮಾಡಿದ ತಪ್ಪು ಪೂರ್ತಿ ನನ್ನದೇ.

ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್ 1899ರ ಸಂಸ್ಥೆ. ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಮೊದಲೇ ಹೆಸರು ನೋಂದಾಯಿಸಿ, ಹೇಳಿದ ದಿನ ಪಾಸ್‌ಪೋರ್ಟ್ ಹಿಡಿದು ಹೋಗಬೇಕು. ತೆರೆದ ಲಸಿಕೆ ಆರು ಗಂಟೆ ಮಾತ್ರ ಬಾಳುತ್ತದೆ, ಹಾಗಾಗಿ ನಮಗೆ ಬೇಕಾದಾಗ ಹೋದರೆ ಆಗದು. ನನಗಾಗ ಐವತ್ತಾರು, ಹೆಂಡತಿಗೆ ಐವತ್ತೆರಡು. ಒಂದು ದಿನ ಮೈಕೈ ನೋವು, ಅಷ್ಟೇ.

ಅಮ್ಮ ತಿಪಟೂರಿನ ತಮ್ಮನ ಮನೆಗೆ ಹೊರಟರು. ಹೋಗುವ ಮುಂಚೆ ಹಳೆಯ ಕಾಟನ್ ಸೀರೆ ಹರಿದು ಲಂಗೋಟಿ, ಕುಲಾವಿ ಹೊಲೆದು ನಮ್ಮ ಸೂಟ್‌ಕೇಸಿನ ಮೇಲಿಟ್ಟಿದ್ದರು.

ಪನಾಮಾದ ಉಳಿದ ವಿಷಯ ಚುಟುಕಾಗಿ: ಡಿಸೆಂಬರ್ ಮಧ್ಯದಿಂದ ಏಪ್ರಿಲ್‌ವರೆಗೆ ಒಣ ಹವೆ, ಉಳಿದಂತೆ ಮಳೆ. ಸೆಕೆ ಚೆನ್ನೈನದೇ, ಸ್ವೆಟರ್ ಬೇಡ. 1904ರಿಂದಲೂ ಅಮೆರಿಕದ ಡಾಲರೇ ಚಲಾವಣೆ, ಬಾಲ್ಬೋವಾ ಬರೀ ನಾಣ್ಯ. 50, 100ರ ನೋಟನ್ನು ಅಂಗಡಿಯವರು ಅನುಮಾನದಿಂದ ನೋಡುತ್ತಾರೆ, 5, 10, 20ರ ನೋಟು ಇಟ್ಟುಕೊಳ್ಳಿ. ವಿದ್ಯುತ್ 110 ವೋಲ್ಟ್, ನಮ್ಮ ಮಿಕ್ಸಿ ಅಲ್ಲಿ ತಿರುಗದು. ನಮಗಿಂತ ಹತ್ತೂವರೆ ಗಂಟೆ ಹಿಂದೆ. ಮೊಮ್ಮಗಳು ಹುಟ್ಟಿದ್ದು ಅಲ್ಲಿನ ರಾತ್ರಿ, ತಿಪಟೂರಿನಲ್ಲಿ ಆಗಲೇ ಬೆಳಗಿನ ಕಾಫಿ. ಅಮ್ಮ ವಿಡಿಯೋದಲ್ಲಿ ನೋಡಿ, "ಕುಲಾವಿ ದೊಡ್ಡದಾಯ್ತು" ಅಂದರು.

ಮಾರ್ಚಿನಲ್ಲಿ ಚೆನ್ನೈನಲ್ಲಿ ಇಳಿದಾಗ ಆರೋಗ್ಯ ಇಲಾಖೆಯವರು ನಮ್ಮ ಎರಡು ಕಾರ್ಡನ್ನೂ ನೋಡಿ ಕಳಿಸಿದರು. ಅರ್ಧ ನಿಮಿಷದ ಕೆಲಸ.

2024ರ ಡಿಸೆಂಬರಿನಲ್ಲಿ ಮಗಳು ಹನ್ನೊಂದು ತಿಂಗಳ ಕೂಸನ್ನು ಕರೆದುಕೊಂಡು ಬಂದಳು. ಒಂಬತ್ತು ತಿಂಗಳಾದ ಮೇಲೆ ಮಕ್ಕಳಿಗೂ ಆ ಲಸಿಕೆ ಕೊಡುತ್ತಾರೆ. ಅದರದ್ದೂ ಒಂದು ಹಳದಿ ಕಾರ್ಡು. ಅಮ್ಮ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರ್ಡು ತಿರುಗಿಸಿ ನೋಡಿ, "ಇದಕ್ಕೆ ಸೂಜಿ ಹಾಕಿಸಿಕೊಳ್ಳೋ ವಯಸ್ಸು, ನಂಗಿಲ್ಲ ನೋಡು" ಅಂತ ನಕ್ಕರು.

ಗೆಳೆಯನಿಗೆ ಪಟ್ಟಿ ಕಳಿಸಿದ್ದೇನೆ. ಒಂದನೇ ನಂಬರು ಹೀಗಿದೆ: ಜೊತೆಗೆ ಯಾರ್ಯಾರು ಬರುತ್ತಾರೋ ಅವರ ವಯಸ್ಸು ಬರೆದುಕೊಂಡು ಮೊದಲು ಡಾಕ್ಟರ ಹತ್ತಿರ ಹೋಗು, ಟಿಕೆಟ್ಟು ಆಮೇಲೆ. ನಿನಗೂ ಅರವತ್ತಕ್ಕೆ ಎರಡೇ ವರ್ಷ ಬಾಕಿ, ತಡಮಾಡಬೇಡ.