ಓದಿನ ಹಸಿವು

ನಿವೃತ್ತಿಯ ಬಳಿಕ ನೆರೆಮನೆಯ ಹುಡುಗನಿಗೆ ಇಂಗ್ಲಿಷ್ ಕಲಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಆ ವಿಷಯದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿದ್ದ ಅವನು ಶಾಲೆಯನ್ನೇ ಬಿಡುವೆನೆನ್ನುತ್ತಿದ್ದನು. ನಾನು ವ್ಯಾಕರಣದ ಪುಸ್ತಕ ತೆರೆದರೆ, ಅವನ ಕಣ್ಣು ಕಿಟಕಿಯಾಚೆಯ ಕ್ರಿಕೆಟ್ ಆಟದತ್ತ ಹರಿಯುತ್ತಿತ್ತು. ತಿಂಗಳು ಕಳೆದರೂ ಫಲ ಕಾಣಲಿಲ್ಲ. ತಪ್ಪು ಅವನದೆಂದೇ ಬಗೆದೆ.

ಒಂದು ಸಂಜೆ, 1935ರಲ್ಲಿ ಪ್ರಕಟವಾದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಹುಡುಗರು ಕ್ರಿಕೆಟ್ ತಂಡ ಕಟ್ಟಿ ಪಂದ್ಯಕ್ಕೆ ಸಿದ್ಧರಾಗುವ ಭಾಗವನ್ನು ಅವನ ಮುಂದಿಟ್ಟೆ. ತಡವರಿಸುತ್ತಲೇ ಓದಿದನು. ಕತ್ತಲಾಯಿತೆಂದು ಪುಸ್ತಕ ಮುಚ್ಚಹೋದಾಗ, “ಮೇಷ್ಟ್ರೇ, ಸ್ವಾಮಿ ಪಂದ್ಯಕ್ಕೆ ಹೋದನೆ?” ಎಂದನು.

“ನೀನೇ ಓದಿ ನನಗೆ ಹೇಳು” ಎಂದು ಪುಸ್ತಕವನ್ನು ಅವನ ಕೈಗಿತ್ತೆ.

ನಾಲ್ಕು ದಿನಗಳ ಮೇಲೆ ಬಂದು, “ಪಾಪ, ಹೋಗಲಾಗಲಿಲ್ಲ ಮೇಷ್ಟ್ರೇ” ಎಂದನು. ಹಸಿವು ಹುಟ್ಟಿಸದೆಯೇ ಬಡಿಸಹೊರಟ ತಪ್ಪು ನನ್ನದೆಂದು ಆಗ ತಿಳಿಯಿತು. ಶಾಲೆ ಬಿಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.