ಸಿಲ್ಕ್ ಬೋರ್ಡ್ ದಾಟಿದರೆ ಮುತ್ಯಾಲಮಡುವು

ಬೆಂಗಳೂರಿನ ರಾಮಮೂರ್ತಿ ನಗರದಲ್ಲಿ ಮಳೆ ಬಂದರೆ ನಾವು ನೋಡೋದು ಅಂಡರ್‌ಪಾಸು, ರಾಜಕಾಲುವೆ. ಕಲ್ಕೆರೆ, ರಾಂಪುರ ಕೆರೆ ದಾಟಿದ ನೀರು ಎಲೆಮಲ್ಲಪ್ಪ ಶೆಟ್ಟಿ ಕೆರೆ ಸೇರಿ ದಕ್ಷಿಣ ಪಿನಾಕಿನಿಯ ಕಡೆಗೆ ನೊರೆ ಕಕ್ಕುತ್ತಾ ಹೋಗುತ್ತದೆ. ಅದೇ ಮಳೆ ಆನೇಕಲ್ ಕಡೆ ಏನು ಮಾಡುತ್ತದೆ ಅಂತ ನೋಡಬೇಕಾದರೆ ಒಂದು ಬೆಳಗ್ಗೆ ಬೇಗ ಏಳಬೇಕು.

ರಿಂಗ್ ರೋಡ್ ಹಿಡಿದು ಸಿಲ್ಕ್ ಬೋರ್ಡ್, ಹೊಸೂರು ರಸ್ತೆ, ಚಂದಾಪುರ, ಆನೇಕಲ್. ಅಲ್ಲಿಂದ ಮುತ್ಯಾಲಮಡುವು ಜಲಪಾತಕ್ಕೆ ಸುಮಾರು 5 ಕಿ.ಮೀ. ನಿಜ ಹೇಳಬೇಕೆಂದರೆ ಇಡೀ ಚಾರಣದಲ್ಲಿ ಕಷ್ಟದ ಭಾಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕೇ.

ಮುತ್ಯಾಲಮಡುವಿನ ಮೆಟ್ಟಿಲು ಇಳಿಯುತ್ತಾ ಹೋದಂತೆ ಗಾಳಿ ತಂಪಾಗುತ್ತದೆ. ಜೋಗ ನೋಡಿ ಬಂದವರಿಗೆ ಈ ಜಲಪಾತ ಒಂದು ಎಳೆ ನೂಲು ಅನ್ನಿಸೀತು. ಇದರ ಹಿಂದೆ ಅಣೆಕಟ್ಟಿಲ್ಲ, ದೊಡ್ಡ ನದಿಯಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆಯಷ್ಟೇ ಬಂಡವಾಳ. ಏಪ್ರಿಲ್‌ನಲ್ಲಿ ಹೋದವರು ಬರೀ ಬಂಡೆ ನೋಡಿ ಬೈದುಕೊಂಡು ಬರುತ್ತಾರೆ. ಮಳೆಗಾಲದ ಕೊನೆಗೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಹೋಗಿ.

ಬಹಳ ಜನ ನೀರಿನ ಕೆಳಗೆ ರೀಲ್ಸ್ ಮಾಡಿ ಅಲ್ಲಿಂದಲೇ ವಾಪಸ್. ನನ್ನ ಪ್ರಕಾರ ಇಲ್ಲಿ ನೋಡಬೇಕಾದ್ದು ಜಲಪಾತಕ್ಕಿಂತ ಕಣಿವೆ. ಬನ್ನೇರುಘಟ್ಟದ ಕಾಡು ದೂರವಿಲ್ಲ, ಆನೆಗಳು ಓಡಾಡುವ ಸೀಮೆ ಇದು. ಅದಕ್ಕೇ ಸಂಜೆಯವರೆಗೆ ಕೂರಬೇಡಿ, ಒಬ್ಬರೇ ಒಳಗೆ ನುಗ್ಗಬೇಡಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳು ಕೇಳಿ ತೆಗೆದುಕೊಳ್ಳುವುದಿಲ್ಲ. ಬ್ಲೂಟೂತ್ ಸ್ಪೀಕರ್ ದಯವಿಟ್ಟು ರಾಮಮೂರ್ತಿ ನಗರದಲ್ಲೇ ಬಿಟ್ಟು ಬನ್ನಿ.