ಎರವಲು ಹಿಮ್ಮಡಿ

ಮಂಡಿ ಬದಲಿಸಿಕೊಂಡವರು ಈಗ ಬೀದಿಗೊಬ್ಬರಾದರೂ ಸಿಗುತ್ತಾರೆ. ಬದಲಿಸಿದ್ದನ್ನೇ ಮತ್ತೆ ಬದಲಿಸಿಕೊಂಡವರು ಅಷ್ಟು ಮಂದಿ ಇಲ್ಲ. ಆ ನಿವೃತ್ತ ಶಿಕ್ಷಕಿಗೆ ಎರಡನೆಯ ಸಲದ್ದೂ ಮುಗಿದು, ಹೊಲಿಗೆ ಬಿಚ್ಚಿ, ಕೋಲು ಹಿಡಿದು ದೇವರಮನೆಯವರೆಗೆ ನಡೆಯುವಷ್ಟಾಗಿತ್ತು. ಆಗ ಬಚ್ಚಲಲ್ಲಿ ಜಾರಿದರು. ಲೋಹದ ಮಂಡಿಗೆ ಏನೂ ಆಗಿರಲಿಲ್ಲ; ಎಕ್ಸ್-ರೇಯಲ್ಲಿ ಮಂಡಿಚಿಪ್ಪು ಮಾತ್ರ ಮೇಲಕ್ಕೆ ಸರಿದಿತ್ತು. ಕಾಲನ್ನು ನೆಟ್ಟಗೆ ಎತ್ತಿ ಎಂದರೆ ತೊಡೆ ಬಿಗಿಯುತ್ತಿತ್ತೇ ಹೊರತು ಕಾಲು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

ಬಾವಿಯ ರಾಟೆ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ತೊಡೆಯ ಮುಂಭಾಗದ ಸ್ನಾಯು ನೀರು ಸೇದುವ ಕೈ; ಮಂಡಿಚಿಪ್ಪು ರಾಟೆ; ಅಲ್ಲಿಂದ ಮೊಣಕಾಲ ಕೆಳಗಿನ ಮೂಳೆಗೆ ಇಳಿಯುವ ಸ್ನಾಯುರಜ್ಜು ಹಗ್ಗ. ಹಗ್ಗ ಹರಿದರೆ ಕೈ ಎಷ್ಟು ಎಳೆದರೇನು, ಕೊಡ ತಳದಲ್ಲೇ. ಎಳೆಯ ಆಟಗಾರನಿಗೆ ಹೀಗಾದರೆ ಹರಿದದ್ದನ್ನು ಹೊಲಿದು ಸರಿಮಾಡುತ್ತಾರೆ. ಮತ್ತೆ ಮತ್ತೆ ಕೊಯ್ದ ಮಂಡಿಯಲ್ಲಿ ಬರೀ ಹೊಲಿಗೆ ಬಹುತೇಕ ನಿಲ್ಲುವುದಿಲ್ಲ.

ವೈದ್ಯರು ಎರಡು ದಾರಿ ಹೇಳಿದರು. ಒಂದು, ಬದುಕಿರುವಷ್ಟು ದಿನ ಕಾಲಿಗೆ ಕೀಲುಪಟ್ಟಿ ಬಿಗಿದುಕೊಂಡು ಓಡಾಡುವುದು. ಇನ್ನೊಂದು, ತೀರಿಕೊಂಡ ಯಾರದೋ ಹಿಮ್ಮಡಿಯ ಸ್ನಾಯುರಜ್ಜನ್ನು ಅಂಗಾಂಶ ಬ್ಯಾಂಕಿನಿಂದ ತರಿಸಿ ಕಸಿ ಮಾಡುವುದು. ಕೃತಕ ಜಾಲರಿ ಹೊಲಿಯುವ ಮೂರನೆಯದೂ ಉಂಟು. ಆ ವೈದ್ಯರ ಕೈ ಪಳಗಿದ್ದು ಕಸಿಯಲ್ಲಿ. ದೇಹದಲ್ಲೇ ಅತಿ ದಪ್ಪನೆಯ, ಬಲವಾದ ರಜ್ಜು ಅದು, ಹಿಮ್ಮಡಿಯಿಂದಲೇ ಸೋತ ಗ್ರೀಕ್ ವೀರ ಅಕಿಲೀಸನ ಹೆಸರು ಹೊತ್ತಿದ್ದರೂ! ಮೂತ್ರಪಿಂಡ ಕಸಿಯಾದವರಂತೆ ಜೀವನಪೂರ್ತಿ ಮಾತ್ರೆ ನುಂಗುವ ತಾಪತ್ರಯವೂ ಇದಕ್ಕಿಲ್ಲ.

"ಸತ್ತವರ ನರ ನನಗೆ ಬೇಡಪ್ಪ" ಎಂದು ಆಕೆ ಮುಖ ತಿರುಗಿಸಿದರು.

2006ರಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದು ಕೇಳಿ ಆಕೆಯ ಪತಿ ನೇತ್ರದಾನಕ್ಕೆ ಹೆಸರು ಬರೆಸಿದ್ದರು. ಅವರು ಹೋದ ರಾತ್ರಿ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವರು ಈಕೆಯೇ. "ಕೊಡುವಾಗ ಇಲ್ಲದ ಮಡಿ ತಗೊಳ್ಳುವಾಗ ಯಾಕೆ ಅತ್ತೆ?" ಎಂದಳು ಸೊಸೆ. ಬಾಯಿ ಜೋರೆಂದು ಹೆಸರಾದವಳು. ಅಂದು ಅದೇ ಒದಗಿಬಂತು. ಒಂದು ರಾತ್ರಿ ಯೋಚಿಸಿ ಆಕೆ ಒಪ್ಪಿದರು. ನೇತ್ರದಾನ ಕರ್ನಾಟಕದಲ್ಲಿ ಮನೆಮಾತು. ಮೂಳೆ, ಚರ್ಮ, ರಜ್ಜುಗಳನ್ನೂ ಕೊಡಬಹುದೆಂಬುದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಹೆಸರಿಗೆ ಅಂಗಾಂಶಗಳು ಸೇರಿದ್ದೇ 2011ರ ತಿದ್ದುಪಡಿಯಿಂದ.

ಈ ಶಸ್ತ್ರಕ್ರಿಯೆಯ ಗುಟ್ಟಿರುವುದು ಬಿಗಿತದಲ್ಲಿ. ರಜ್ಜಿನ ತುದಿಗೆ ಅಂಟಿಕೊಂಡೇ ಬರುವ ಹಿಮ್ಮಡಿ ಮೂಳೆಯ ತುಂಡನ್ನು ಬೆಣೆಯಂತೆ ಕೆತ್ತಿ, ಮೊಣಕಾಲ ಕೆಳಗಿನ ಮೂಳೆಯಲ್ಲಿ ತೋಡಿದ ಗುಳಿಗೆ ಬಡಿದು ಕೂರಿಸುತ್ತಾರೆ. ಬಡಗಿ ಕೆಲಸವೇ ಸರಿ. ಬಳಿಕ ಕಾಲನ್ನು ಪೂರ್ತಿ ನೀಳವಾಗಿರಿಸಿ, ರಜ್ಜನ್ನು ಮೇಲಕ್ಕೆಳೆದು ತೊಡೆಯ ಸ್ನಾಯುವಿಗೆ ಹೊಲಿಯುತ್ತಾರೆ. ಎಷ್ಟು ಮಡಚುತ್ತದೆಂದು ನೋಡುವ ಆಸೆಯನ್ನು ವೈದ್ಯ ಅಲ್ಲೇ ನುಂಗಿಕೊಳ್ಳಬೇಕು. ರಜ್ಜು, ಚಿಪ್ಪು ಎಲ್ಲವನ್ನೂ ಒಟ್ಟಿಗೆ ಕಸಿ ಮಾಡಿದ 20 ಮಂಡಿಗಳ ಲೆಕ್ಕವನ್ನು ಶಿಕಾಗೋದ ವೈದ್ಯರು 2004ರಲ್ಲಿ ಪ್ರಕಟಿಸಿದರು. ಸಡಿಲವಾಗಿ ಹೊಲಿದ 7 ಮಂಡಿಗಳಲ್ಲಿ ಒಂದೂ ಗೆಲ್ಲಲಿಲ್ಲ. ಬಿಗಿಯಾಗಿ ಎಳೆದು ಹೊಲಿದ 13 ಗೆದ್ದವು. ಮಂಚಕ್ಕೆ ನವಾರು ಹೆಣೆದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

ಆಮೇಲೆ 8 ವಾರ ಕಾಲು ಕಟ್ಟಿನೊಳಗೆ ಕೋಲಿನಂತೆ ನೆಟ್ಟಗೆ. ಬಚ್ಚಲಿಗೂ ಸೊಸೆಯ ಹೆಗಲೇ ಗತಿ. ಕಟ್ಟು ಬಿಚ್ಚಿದ ಮೇಲೆ ಮೊದಲು 30 ಡಿಗ್ರಿ ಮಡಚಲು ಅಪ್ಪಣೆ, ಆಮೇಲೆ ಅಷ್ಟಷ್ಟೇ ಹೆಚ್ಚು. ವರ್ಷಗಳು ಕಳೆದಂತೆ ರಜ್ಜು ಸಡಿಲಾಗಬಹುದು, ಸೋಂಕು ಹೊಕ್ಕರೆ ಮಾಡಿದ್ದೆಲ್ಲ ವ್ಯರ್ಥವಾಗಬಹುದು ಎಂಬುದನ್ನು ವೈದ್ಯರು ಮುಚ್ಚಿಡಲಿಲ್ಲ.

"ಯಾರ ಮನೆಯವರು ಕೊಟ್ಟರೋ, ಹೆಸರಾದರೂ ಹೇಳಬಾರದೇ?" ಎಂದು ಆಕೆ ಎರಡು ಸಲ ಕೇಳಿದರು. ಹೇಳುವಂತಿಲ್ಲ ಎಂದರು ವೈದ್ಯರು.

ನೆಲದ ಮೇಲೆ ಕೂತು ಊಟ ಮಾಡುವುದು ಇನ್ನಿಲ್ಲ. ಮಂಡಿ 90 ಡಿಗ್ರಿಯ ತನಕ ಮಡಚುತ್ತದೆ. ಮೆಟ್ಟಿಲನ್ನು ಒಂದೊಂದಾಗಿ ಹತ್ತುತ್ತಾರೆ, ಹಿಂದೆಯೇ ಸೊಸೆ.